ಹೆಡ್ ಪಕ್ಕದ ಸಣ್ಣ ಸ್ಕ್ರೂ

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ಬರುವವರು ಮೊದಲು ಕೇಳುವುದು ಸಾಫ್ಟ್‌ವೇರ್ ಯಾವುದು, ಇಂಟರ್‌ಫೇಸ್ ಎಷ್ಟರದು ಎಂದು. ಶಿಡ್ಲಘಟ್ಟದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ವರ್ಷಗಟ್ಟಲೆ ಇದನ್ನು ಮಾಡಿದ ಮೇಲೆ ನನಗೆ ಖಚಿತವಾಗಿರುವುದೇ ಬೇರೆ. ದನಿ ಅಂಕಿಯಾಗುವ ಗಳಿಗೆ ಬಹಳ ಸುಲಭದ್ದು. ಟೇಪು ಹೆಡ್ಡನ್ನು ಸವರಿಕೊಂಡು ಹೋಗುವಾಗ ಕೈತಪ್ಪಿದ್ದು ಮಾತ್ರ ಮುಂದೆ ಯಾವ ಸಾಫ್ಟ್‌ವೇರಿನಲ್ಲೂ ಸಿಗುವುದಿಲ್ಲ.

ನನ್ನ ಬಳಿ ಬರುವವು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳಲ್ಲ. ಚಿಂತಾಮಣಿ ಕಡೆಯಿಂದ ಕೈವಾರ ತಾತಯ್ಯನವರ ತತ್ವಪದಗಳು ಬರುತ್ತವೆ, ತೆಲುಗಿನವೂ ಕನ್ನಡದವೂ ಒಂದೇ ರಾತ್ರಿಯ ಭಜನೆಯಲ್ಲಿ ಬೆರೆತು. ಪಂಡರಿ ಭಜನೆ, ಕೇಳಿಕೆಯ ಪದಗಳು ಬರುತ್ತವೆ. ಗೌರಿಬಿದನೂರು ಕಡೆಯ ಒಂದರಲ್ಲಿ ಹಿರಿಯರೊಬ್ಬರು 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರನ್ನು ನೆನೆದು ಮಾತಾಡಿದ್ದಾರೆ. ಎಲ್ಲವೂ ಮನೆಯ ಟೇಪ್‌ರೆಕಾರ್ಡರನ್ನು ಗುಡಿಯ ಜಗಲಿಯ ಮೇಲೋ ಪಡಸಾಲೆಯಲ್ಲೋ ಇಟ್ಟು ಹಿಡಿದವು. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಇಷ್ಟು ಕಿರಿದಾದ, ಇಷ್ಟು ನಿಧಾನದ ಬರಹದಲ್ಲಿ ಹೆಡ್ ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರಗಳು ಮಾಯ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಓರೆಯಾಗಿದ್ದರೆ ನನ್ನ ಡೆಕ್ಕಿನ ಹೆಡ್ ನೆಟ್ಟಗಿದ್ದು ಪ್ರಯೋಜನವಿಲ್ಲ, ಅದೂ ಅಷ್ಟೇ ಓರೆಯಾಗಬೇಕು. ಅದಕ್ಕೆಂದೇ ಹೆಡ್ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಎಡ-ಬಲ ಎರಡನ್ನೂ ಕೂಡಿಸಿ ಒಂದೇ ದನಿ ಮಾಡಿ, ಹೆಡ್‌ಫೋನಿನಲ್ಲಿ ಕೇಳುತ್ತಾ ಅದನ್ನು ಚೂರು ಚೂರೇ ತಿರುಗಿಸುತ್ತೇನೆ. ಮಂಕಾಗಿದ್ದ ತಾಳ ತಟ್ಟನೆ ಝಣ್ ಎನ್ನುವ, ಹಾಡುವವರ ಸಕಾರ ಶಕಾರಗಳು ಬಿಡಿಸಿಕೊಂಡು ಬರುವ ಒಂದು ಜಾಗ ಸಿಗುತ್ತದೆ. ಸ್ಕ್ರೂಡ್ರೈವರಿಗೆ ಕಾಂತ ಇರಕೂಡದು. ಒಂದು ಮಗ್ಗುಲಿಗೆ ಹೊಂದಿಸಿದ್ದು ಇನ್ನೊಂದಕ್ಕೆ ಹೊಂದುತ್ತದೆಂದು ನಂಬಕೂಡದು. ದುಬಾರಿ ಇಂಟರ್‌ಫೇಸ್ ಕೊಳ್ಳಲು ಹೊರಟವರಿಗೆ ನಾನು ಹೇಳುವುದಿಷ್ಟೇ: ಆ ದುಡ್ಡಿನಲ್ಲಿ ಒಂದು ಒಳ್ಳೆಯ ಹಳೆ ಡೆಕ್ ಹುಡುಕಿ, ಅದರ ಬೆಲ್ಟು, ರಬ್ಬರ್ ರೋಲರ್ ಬದಲಿಸಿ.

ವೇಗದ ತೊಡಕು ಇನ್ನೂ ಆಳದ್ದು. ಸೆಲ್ ಹಾಕಿ ರೆಕಾರ್ಡ್ ಮಾಡಿದ ರಾತ್ರಿಗಳಲ್ಲಿ ಸೆಲ್ ಇಳಿದಂತೆಲ್ಲ ಟೇಪು ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತಾ ಹೋಗುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲಕ್ಕೆ. ಒಬ್ಬ ತಾತ ಕೇಳಿದೊಡನೆ, “ನಮ್ಮಣ್ಣನ ಗಂಟಲು ಇಷ್ಟು ತೆಳು ಇರಲಿಲ್ಲಪ್ಪಾ” ಎಂದರು. ಅವರ ಭಜನೆ ಮಂದಿರದಲ್ಲಿ ಅದೇ ಹಾರ್ಮೋನಿಯಂ ಇನ್ನೂ ಇತ್ತು. ಅದರ ಸ್ವರವನ್ನು ಫೋನಿನಲ್ಲಿ ಹಿಡಿದು ತಂದು, ಹಾಡನ್ನು ಅದಕ್ಕೆ ಕೂಡಿಸಿದ ಮೇಲೆ ಅಣ್ಣ ಅಣ್ಣನಾದ. ಕರೆಂಟಿನಲ್ಲಿ ಮಾಡಿದ ರೆಕಾರ್ಡಿಂಗಿಗೆ ಬೇರೊಂದು ಸುಳಿವಿದೆ. ಹಾಡಿನಡಿಯ ಗುಂಯ್ ಸದ್ದು 50 ಹರ್ಟ್ಸ್, ಅದರ ದುಪ್ಪಟ್ಟು 100. ಸ್ಪೆಕ್ಟ್ರಮ್ಮಿನಲ್ಲಿ ಆ 100ರ ಗೆರೆ 104ರ ಮೇಲೆ ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತಿದೆ ಎಂದರ್ಥ. ಆದರೆ ಆ ರೆಕಾರ್ಡಿಂಗುಗಳ ಕಾಲದಲ್ಲಿ ದಕ್ಷಿಣದ ಗ್ರಿಡ್ 49 ಹರ್ಟ್ಸಿಗಿಂತ ಕೆಳಕ್ಕೂ ಜಾರುತ್ತಿತ್ತು; ಗೆರೆಯೊಂದನ್ನೇ ನೆಚ್ಚುವಂತಿಲ್ಲ. ಹಾರ್ಮೋನಿಯಂ ಸಿಕ್ಕರೆ ನನಗೆ ಅದೇ ಪ್ರಮಾಣ.

ಕರೆಂಟು ಈಗಲೂ ಕಾಡುತ್ತದೆ. ನಮ್ಮ ಊರಿನಲ್ಲಿ ರೇಷ್ಮೆಯ ರೀಲಿಂಗ್ ಯೂನಿಟ್‌ಗಳು, ಹುರಿ ಮಾಡುವ ಯಂತ್ರಗಳು ಬೀದಿ ಬೀದಿಗೂ ಇವೆ. ಯಾವುದೋ ಮೋಟಾರು ಶುರುವಾದರೆ ಟಪ್ ಎಂದು ಒಂದು ಗೀರು ಹಾಡಿನ ಮೇಲೆ ಬೀಳುತ್ತದೆ. ಹಾಗಾಗಿ ಬೆಳಗಿನ ಜಾವ ಕೂರುತ್ತೇನೆ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸುತ್ತೇನೆ. ಗೌರಿಬಿದನೂರಿನ ಭೂಕಂಪನ ಕೇಂದ್ರದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಕೆಲಸಕ್ಕೆ ಕೈಹಾಕಿದ ಮೇಲೆ. ದೂರದೇಶದ ನೆಲದಡಿಯ ಅಣುಸ್ಫೋಟದ ನಡುಕವನ್ನೂ ಹಿಡಿಯಲೆಂದು 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಹಾಕಿದ ಆ ಸಂವೇದಕಗಳ ಸಾಲು ಹಿಡಿದದ್ದು ಕೂಡ ಮೊದಮೊದಲು ಟೇಪಿನ ಮೇಲೆ ಅನಲಾಗ್ ಆಗಿಯೇ ದಾಖಲಾಗುತ್ತಿತ್ತು, ಡಿಜಿಟಲ್ ಆಮೇಲೆ ಬಂತು. ಅವರು ಮೊದಲು ಹುಡುಕಿದ್ದು ಗಟ್ಟಿ ಕಲ್ಲಿನ, ಸದ್ದಿಲ್ಲದ ನೆಲವನ್ನು.

ಇನ್ನು ಅಂಕಿಗಳ ಮಾತು. ಲೈನ್ ಔಟ್‌ನಿಂದ ಲೈನ್ ಇನ್‌ಗೆ ವೈರು, ಮೈಕಿನ ತೂತಿಗಲ್ಲ. ಮನೆಯ ರೆಕಾರ್ಡಿಂಗಿಗೆ ಡಾಲ್ಬಿ ಗುಂಡಿ ಬಂದ್. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠವೆಂದು ಹೇಳುವುದು 48 ಕಿಲೊಹರ್ಟ್ಸ್, 24 ಬಿಟ್. ಗಂಟೆಗೆ ಸುಮಾರು 1 ಜಿಬಿ. ಕ್ಯಾಸೆಟ್ಟಿನ ಸ್ವಂತ ಹರವು 60 ಡೆಸಿಬೆಲ್ ದಾಟುವುದೇ ಅಪರೂಪ, 16 ಬಿಟ್ಟಿಗೇ 96 ಇದೆ. ಹಾಗಿದ್ದೂ 24 ಯಾಕೆಂದರೆ, ಅತಿ ಜೋರಿನ ಪೆಟ್ಟೂ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಧಾರಾಳವಾಗಿ ಜಾಗ ಬಿಡಬಹುದು. ಡಿಜಿಟಲ್‌ನಲ್ಲಿ ಸೊನ್ನೆ ಮುಟ್ಟಿದ ತಬಲದ ಪೆಟ್ಟಿನ ತಲೆ ಕತ್ತರಿಸಿ ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ.

ಟೇಪಿನ ಹಿಸ್ ಸದ್ದು ತೆಗೆದುಕೊಡಿ ಎಂದು ಎಲ್ಲರೂ ಕೇಳುತ್ತಾರೆ. ತೆಗೆಯುತ್ತೇನೆ, ಆದರೆ ಪ್ರತಿಯಲ್ಲಿ ಮಾತ್ರ. ಗೆಜ್ಜೆಯೂ ತಾಳದ ಬಾಲವೂ ಹಿಸ್ ಇರುವ ಎತ್ತರದಲ್ಲೇ ಇರುತ್ತವೆ. ಒಂದನ್ನು ಒರೆಸಿದರೆ ಇನ್ನೊಂದೂ ಹೋಗುತ್ತದೆ. ಮೂಲ ವರ್ಗಾವಣೆಯನ್ನು ಕೆಮ್ಮು, ನಾಯಿ ಬೊಗಳು ಸಮೇತ ಹಾಗೇ ಇಡುತ್ತೇನೆ.

ಆ ಅಂಕಿಗಳು ಮರಳಿ ದನಿಯಾಗುವುದು ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಗುಡಿಯ ಹಾರ್ನ್ ಸ್ಪೀಕರಿನಲ್ಲಿ. ಫೋನಿನೊಳಗಿನ ಪರಿವರ್ತಕ ಈ ಕೆಲಸಕ್ಕೆ ಧಾರಾಳ ಸಾಕು. ಹಾರ್ನು ಮಾತ್ರ ನಡುವಿನ ಸ್ವರಗಳನ್ನಷ್ಟೇ ಕೂಗುತ್ತದೆ. ಅದಕ್ಕೆ ಬೇರೆಯೇ ಒಂದು ಪ್ರತಿ ಮಾಡುತ್ತೇನೆ: ತಬಲದ ಗುಂ ಎನ್ನುವ ಕೆಳದನಿಯನ್ನು ತಗ್ಗಿಸಿ, ಮಾತು ಸ್ಪಷ್ಟವಾಗುವಂತೆ ನಡುವನ್ನು ಚೂರು ಎತ್ತಿ, ಎಂಪಿ3 ಮಾಡುವ ಮುನ್ನ ತುದಿಯಲ್ಲಿ 1 ಡೆಸಿಬೆಲ್ ಖಾಲಿ ಬಿಟ್ಟು. ಫೈಲಿನ ಹೆಸರಿನಲ್ಲಿ ಊರು, ವರ್ಷ, ಹಾಡಿದವರು, ಹಾರ್ಮೋನಿಯಂ ಹಿಡಿದವರು ಎಲ್ಲ ಬರೆಯುತ್ತೇನೆ. ಹೇಳುವ ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕು. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ ಎಂದು ಹೇಳಿ ಕೈಗೆ ವಾಪಸ್ ಕೊಡುತ್ತೇನೆ. ನನ್ನದಕ್ಕಿಂತ ಒಳ್ಳೆಯ ಹೆಡ್ ಅದರಿಂದ ಇನ್ನಷ್ಟು ಓದಬಹುದು.