ಬಿಳಾಮನೂ ಕೊಟ್ಟಿಗೆಹಾರದ ರಸ್ತೆಯೂ: ಯುವಜನರ ಕೂಟದ ಸಂದೇಶ

ಅರಣ್ಯಕಾಂಡ 22ನೇ ಅಧ್ಯಾಯ ತೆರೆಯಿರಿ, 21ನೇ ವಚನದಿಂದ. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ ಓದಿ!

ಬಿಳಾಮ ಕತ್ತೆ ಹತ್ತಿ ಹೊರಟಿದ್ದಾನೆ. ದಾರಿಗೆ ಅಡ್ಡವಾಗಿ ಕರ್ತನ ದೂತ ಕತ್ತಿ ಹಿರಿದು ನಿಂತಿದ್ದಾನೆ. ಕತ್ತೆಗೆ ಕಾಣುತ್ತೆ, ದರ್ಶನ ನೋಡುವವನಿಗೆ ಕಾಣಲ್ಲ. ಎರಡನೇ ಸಲ ದೂತ ನಿಂತದ್ದು ದ್ರಾಕ್ಷೇತೋಟಗಳ ನಡುವಿನ ಸಂದಿಯಲ್ಲಿ, ಎರಡೂ ಕಡೆ ಗೋಡೆ. ನಮ್ಮ ಎಸ್ಟೇಟ್ ರಸ್ತೆ ನೆನಪು ಮಾಡ್ಕೊಳ್ಳಿ: ಈ ಕಡೆ ಬೇಲಿ, ಆ ಕಡೆ ಚರಂಡಿ. ಕತ್ತೆ ಗೋಡೆಗೆ ಒತ್ತಿತು, ಬಿಳಾಮನ ಕಾಲು ಜಜ್ಜಿತು. ಅವನು ಹೊಡೆದದ್ದು ಯಾರಿಗೆ? ಕತ್ತೆಗೇ. ಆದರೆ ಅವತ್ತು ಅವನ ಜೀವ ಉಳಿದದ್ದು ಆ ಕತ್ತೆಯಿಂದ.

ಕಳೆದ ವಾರ ಒಬ್ಬ ತಮ್ಮ ಕೇಳಿದ: "ಪಾಸ್ಟರ್, ಪೊಲೀಸ್ ಕೈ ಅಡ್ಡ ಹಾಕಿದಾಗ ನಿಲ್ಲಿಸದೆ ಹೋದರೆ ಅದು ಪಾಪನಾ, ಬರೀ ಫೈನಾ?"

ಫೈನ್ ಮೊದಲು ಹೇಳ್ತೀನಿ. ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಂ ಪ್ರಕಾರ ಸಮವಸ್ತ್ರದ ಪೊಲೀಸ್ ಕೇಳಿದರೆ ಡಿಎಲ್ ತೋರಿಸಲೇಬೇಕು. ಕಾನೂನುಬದ್ಧ ಸೂಚನೆಯನ್ನು ಬೇಕಂತಲೇ ಮೀರಿದರೆ 179ನೇ ಕಲಂ. ಮೊದಲು 500 ಇತ್ತು, 2019ರ ಸೆಪ್ಟೆಂಬರ್ 1ರಿಂದ 2000 ರೂಪಾಯಿವರೆಗೆ. ತಪ್ಪಿಸಿಕೊಳ್ಳೋಕೆ ಯದ್ವಾತದ್ವಾ ಓಡಿಸಿದರೆ ಅದು 184, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಆಗಬಹುದು. ಯಾರಿಗಾದರೂ ಗುದ್ದಿ, ನಿಲ್ಲಿಸದೆ, ಆಸ್ಪತ್ರೆಗೂ ಸೇರಿಸದೆ ಹೋದರೆ 187: ಆರು ತಿಂಗಳವರೆಗೆ ಜೈಲು, ಇಲ್ಲ 5000 ದಂಡ, ಇಲ್ಲ ಎರಡೂ. ಹದಿನೆಂಟು ತುಂಬದವನು ಓಡಿಸಿದರೆ ಅಪ್ಪನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು; ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನಿಂತಿದ್ದರೆ ಒಂದು ರಸೀದಿಯಲ್ಲಿ ಮುಗೀತಿತ್ತು.

"ಪೊಲೀಸರದ್ದೂ ತಪ್ಪಿರುತ್ತಲ್ಲ?" ಇರುತ್ತೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಮೂರು ವರ್ಷದ ಮಗು ತೀರಿಹೋಯ್ತು. ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದರು. ಆ ತಾಯಿಯ ಮುಂದೆ ನಿಂತು ನಾನು ರೋಮಾಪುರದವರಿಗೆ 13 ಓದಲಾರೆ. ಆದರೆ ಪೌಲ ಅದನ್ನು ಬರೆದಾಗ ಸಿಂಹಾಸನದಲ್ಲಿದ್ದವನು ನೀರೋ ಅನ್ನೋದನ್ನೂ ಮರೆಯಬೇಡಿ. 5ನೇ ವಚನದಲ್ಲಿ ಪೌಲ ಶಿಕ್ಷೆಯ ಭಯದ ಜೊತೆಗೆ ಮನಸ್ಸಾಕ್ಷಿಯನ್ನೂ ತರುತ್ತಾನೆ. ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ.

ಈಗ ನನ್ನ ಸಾಕ್ಷಿ. ಬೈಬಲ್ ಕಾಲೇಜಿಗೆ ಸೇರೋ ಮುಂಚಿನ ಮಾತು. ಮೂಡಿಗೆರೆಯಿಂದ ಕಳಸಕ್ಕೆ ಹೊರಟಿದ್ದೆ, ಜುಲೈ ಮಳೆ, ಹಿಂದೆ ನನ್ನ ತಮ್ಮ. ನನ್ನ ಹತ್ತಿರ ಹೆಲ್ಮೆಟ್ ಇಲ್ಲ, ಬರೀ ಎಲ್‌ಎಲ್‌ಆರ್. ಕೊಟ್ಟಿಗೆಹಾರದಲ್ಲಿ ಪೊಲೀಸ್ ಕೈ ತೋರಿಸಿದರು. ನಾನು ಬಾಳೂರು ರಸ್ತೆಗೆ ತಿರುಗಿಸಿ ಗಾಡಿ ಎಳೆದೆ. "ನಿಲ್ಸಣ್ಣ, ನಿಲ್ಸಣ್ಣ" ಅಂತ ತಮ್ಮ ಬೆನ್ನಿಗೆ ಗುದ್ದುತ್ತಿದ್ದ. ಅವನಿಗೇ ಬೈದೆ. ಒಂದು ತಿರುವಿನಲ್ಲಿ ತೋಟದ ಕೆಲಸ ಮುಗಿಸಿ ಬರ್ತಿದ್ದ ಒಬ್ಬ ಅಮ್ಮ ಎದುರಾದರು. ಅವರನ್ನು ತಪ್ಪಿಸೋಕೆ ಹೋಗಿ ಚರಂಡಿಗೆ ಬಿದ್ವಿ. ತಮ್ಮನ ಮಣಿಕಟ್ಟು ಮುರೀತು. ಅವನನ್ನು ಮೊದಲು ಎತ್ತಿದ್ದು ಅದೇ ಅಮ್ಮ. ತಿರುಗಿ ನೋಡಿದರೆ ರಸ್ತೆ ಖಾಲಿ, ಪೊಲೀಸರು ಯಾರೂ ಹಿಂದೆ ಬಂದೇ ಇರಲಿಲ್ಲ. ಆಗಿನ ಹೆಲ್ಮೆಟ್ ದಂಡ 100 ರೂಪಾಯಿ.

ಇನ್ನೂ ನಾಚಿಕೆಯ ಮಾತು ಇದೆ. ಮುಂದಿನ ಭಾನುವಾರ ನಾನು ಸಭೆಯಲ್ಲಿ ಎದ್ದು ನಿಂತು, ಮಳೆಗೆ ಬೈಕ್ ಜಾರಿತು, ಕರ್ತನು ಕಾಪಾಡಿದ ಅಂತ ಸಾಕ್ಷಿ ಹೇಳಿದೆ. ಸಭೆ ಹಲ್ಲೆಲೂಯಾ ಅಂದಿತು. ಕೈಗೆ ಪಟ್ಟಿ ಹಾಕ್ಕೊಂಡು ಮೂರನೇ ಸಾಲಲ್ಲಿ ಕೂತಿದ್ದ ತಮ್ಮ ತಲೆ ಬಗ್ಗಿಸಿದ. ಅದಾದ ಮೇಲೆ ಎರಡು ವರ್ಷ ಅವನು ಸಭೆಗೆ ಬರಲಿಲ್ಲ. ನಾನು ಅದೇ ಸಭೆಯ ಮುಂದೆ ನಿಜ ಒಪ್ಪಿಕೊಂಡ ಮೇಲೆ ಬಂದ. ಈ ಅಧ್ಯಾಯ ಓದಿ ಹೇಳಿದಾಗ, "ಹಾಗಾದರೆ ಇದರಲ್ಲಿ ಕತ್ತೆ ನಾನಾ?" ಅಂತ ಕೇಳಿದ. ಹೌದಪ್ಪ, ಕಂಡದ್ದು ನಿನಗೇ ಅಂದೆ.

ಬರುವ ಶನಿವಾರ ಕಳಸದ ಕೂಟಕ್ಕೆ ಹೊರಡ್ತಿದ್ದೇವೆ. ಹೊರಡುವ ಮುಂಚೆ ಡಿಎಲ್, ಇನ್ಶೂರೆನ್ಸ್, ಹೆಲ್ಮೆಟ್ ನಾನೇ ನೋಡ್ತೀನಿ, ಡಿಜಿಲಾಕರ್‌ನಲ್ಲಿದ್ದರೂ ಆಗುತ್ತೆ. ಇಲ್ಲದವರು ನನ್ನ ಜೊತೆ ಬಸ್ಸಿಗೆ ಬನ್ನಿ. ಸಭೆಯಲ್ಲಿ ಸುಳ್ಳು ಸಾಕ್ಷಿ ಹೇಳಿದವರು ಯಾರಾದರೂ ಇದ್ದರೆ, ಕೂಟ ಮುಗಿದ ಮೇಲೆ ನಾನು ಇಲ್ಲೇ ಇರ್ತೀನಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.