ಸೈಕಲ್ ತುಳಿಯುವಾಗ ಮೀನಖಂಡ ಹಿಡಿದರೆ

ಪ್ರಶ್ನೆ: ಭಾನುವಾರ ನವಿ ಮುಂಬೈನ ಬೇಲಾಪುರದಿಂದ ಖೋಪೋಲಿಗೆ ಸೈಕಲ್‌ನಲ್ಲಿ ಹೋಗುತ್ತೇನೆ. ಮರಳುವಾಗ ಮೀನಖಂಡ, ಪಾದ ಹಿಡಿದುಕೊಳ್ಳುತ್ತವೆ. ಏನು ಮಾಡಲಿ?

ಉತ್ತರ: ಕೂಡಲೇ ಇಳಿದು ಕುಳಿತು, ಮಂಡಿ ನೇರ ಮಾಡಿ, ಪಾದದ ತುದಿಯನ್ನು ನಿಮ್ಮತ್ತ ಎಳೆದು ಅರ್ಧ ನಿಮಿಷ ಹಿಡಿಯಿರಿ. ಮರಳುವಾಗಲೇ ಬರುವುದರಿಂದ ಸ್ನಾಯುವಿನ ದಣಿವೇ ಮುಖ್ಯ ಕಾರಣವೆನಿಸುತ್ತದೆ. ಕೆಲವು ವಾರ ಪಾಮ್ ಬೀಚ್ ರಸ್ತೆಯಲ್ಲೇ ಹಗುರ ಗೇರ್‌ನಲ್ಲಿ ತುಳಿದು, ದೂರವನ್ನು ನಿಧಾನವಾಗಿ ಹೆಚ್ಚಿಸಿ. ಇಲ್ಲಿನ ಸೆಕೆಗೆ ಬರೀ ನೀರು ಸಾಲದು. ಓಆರ್‌ಎಸ್ ಅನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಬೆರೆಸಿ ಕುಡಿಯಿರಿ. ಬಿಪಿ, ಕಿಡ್ನಿ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಪಾದ ಹಿಡಿಯದಂತೆ ಬಿಗಿ ಶೂ ಸಡಿಲಿಸಿ, ಸೀಟಿನ ಎತ್ತರ ಪರೀಕ್ಷಿಸಿ.

ಕೊಲೆಸ್ಟರಾಲ್ ಮಾತ್ರೆಯಿಂದಲೂ ಸ್ನಾಯು ನೋಯಬಹುದು; ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಒಂದೇ ಕಾಲು ಊದಿ ಬಿಸಿಯಾದರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ.