ವಿಳಾಸವೇ ಸಾರ್ವಜನಿಕ ಕೀಲಿಯಲ್ಲ: ಒಂದು ಘಾತಾಂಕ ಪಾಠದ ಅನುಭವ

ತರಗತಿ: 9. ವಿಷಯ: ಗಣಿತ. ಪಾಠ: ಘಾತಾಂಕ ನಿಯಮಗಳ ಪುನರಾವರ್ತನೆ. ಅವಧಿ: 40 ನಿಮಿಷ.

ದೊಡ್ಡ ಘಾತಾಂಕಗಳು ನಿಜಕ್ಕೂ ಎಲ್ಲಿ ಬಳಕೆಯಾಗುತ್ತವೆ ಎಂದು ತೋರಿಸಲು ಬಿಟ್‌ಕಾಯಿನ್ ವಿಳಾಸವನ್ನು ಆರಿಸಿಕೊಂಡಿದ್ದೆ. ಮೊದಲ ದಿನವೇ ಎಡವಿದೆ. "ಹಣ ಪಡೆಯಲು ಎಲ್ಲರಿಗೂ ಕೊಡುವ ಸಾರ್ವಜನಿಕ ಕೀಲಿಯೇ ವಿಳಾಸ" ಎಂದು ಹೇಳಿ, ಹಲಗೆಯ ಮೇಲೆ ಅಳತೆ ಬರೆದೆ: ಸಾರ್ವಜನಿಕ ಕೀಲಿ 33 ಬೈಟ್, ವಿಳಾಸದೊಳಗಿನ ಸಂಖ್ಯೆ 20 ಬೈಟ್. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಎರಡೂ ಒಂದೇ ಆದ್ರೆ 13 ಬೈಟ್ ಎಲ್ಲಿ ಹೋಯ್ತು?" ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮರುದಿನ ನನ್ನ ತಪ್ಪನ್ನು ಒಪ್ಪಿಕೊಂಡೇ ಪಾಠ ಶುರುಮಾಡಿದೆ. '1' ರಿಂದ ಶುರುವಾಗುವ ಹಳೆಯ ಮಾದರಿಯ ವಿಳಾಸವನ್ನಷ್ಟೇ ತೆಗೆದುಕೊಂಡೆ. ಮೊದಲು ಖಾಸಗಿ ಕೀಲಿ: 2²⁵⁶ಕ್ಕಿಂತ ಚಿಕ್ಕದಾದ, ಗುಟ್ಟಾಗಿಡಬೇಕಾದ ಒಂದು ಸಂಖ್ಯೆ. ಅದರಿಂದ ಲೆಕ್ಕ ಹಾಕಿ ಪಡೆಯುವುದು ಸಾರ್ವಜನಿಕ ಕೀಲಿ. ಇದು ಒಂದು ವಕ್ರರೇಖೆಯ ಮೇಲಿನ ಬಿಂದು. ಅದರ x ನಿರ್ದೇಶಾಂಕಕ್ಕೆ 32 ಬೈಟ್, y ಎರಡರಲ್ಲಿ ಯಾವುದು ಎಂದು ಹೇಳಲು 1 ಬೈಟ್. ಈ 33 ಬೈಟ್‌ಗಳನ್ನು ಎಸ್‌ಎಚ್‌ಎ-256, ರೈಪ್‌ಎಂಡಿ-160 ಎಂಬ ಎರಡು ಹ್ಯಾಶ್ ಲೆಕ್ಕಗಳಿಗೆ ಒಂದಾದ ಮೇಲೊಂದರಂತೆ ಒಳಪಡಿಸಿದರೆ 20 ಬೈಟ್ ಸಿಗುತ್ತದೆ. 13 ಬೈಟ್‌ಗಳನ್ನು ಯಾರೂ ಕತ್ತರಿಸಿ ಎಸೆದಿಲ್ಲ. ಇಡೀ ಕೀಲಿಯನ್ನೇ ಕಲಸಿ ಚಿಕ್ಕದು ಮಾಡಲಾಗಿದೆ.

ಚಟುವಟಿಕೆಗೆ ಶೇಷವನ್ನು ಬಳಸಿದೆ. 347ನ್ನು 11ರಿಂದ ಭಾಗಿಸಿದರೆ ಶೇಷ 6. ಈಗ 6 ಮಾತ್ರ ಗೊತ್ತಿದ್ದರೆ ನನ್ನ ಸಂಖ್ಯೆ ಯಾವುದು? 17, 28, 39 ಎಂದು ಕೂಗುಗಳು ಬಂದವು. 347 ಎಂದು ಯಾರೂ ಹೇಳಲಿಲ್ಲ. ವಿಳಾಸದಿಂದ ಕೀಲಿಗೆ ಹಿಂದಿರುಗಲಾಗದು ಎನ್ನುವುದು ಅಲ್ಲಿಗೆ ಮನದಟ್ಟಾಯಿತು. ಆದರೆ ಕೊನೆಯ ಬೆಂಚಿನ ಹುಡುಗ ಬಿಡಲಿಲ್ಲ: "ಹಂಗಾದ್ರೆ 17 ತೋರಿಸಿ ನಿಮ್ ದುಡ್ಡು ನಾನೇ ತಗೋಬಹುದಲ್ಲ ಮಿಸ್?"

ಇಡೀ ಪಾಠದ ಅತ್ಯುತ್ತಮ ಪ್ರಶ್ನೆ ಇದೇ. ನನ್ನ ಪಾಠಯೋಜನೆಯಲ್ಲಿ ಅದು ಇರಲಿಲ್ಲ. ನಮ್ಮ ಆಟದಲ್ಲಿ ಹೌದು, ತಗೋಬಹುದು ಎಂದೆ. ನಿಜವಾದ ಲೆಕ್ಕದಲ್ಲೂ ಒಂದೇ ವಿಳಾಸಕ್ಕೆ ಹೊಂದುವ ಕೀಲಿಗಳು ಅನೇಕ ಇವೆ. ಎಷ್ಟು? ಸಾರ್ವಜನಿಕ ಕೀಲಿಗಳು ಸುಮಾರು 2²⁵⁶, 20 ಬೈಟ್‌ನ ಸಂಖ್ಯೆಗಳು 2¹⁶⁰. ಭಾಗಿಸಿ ಎಂದೆ. ಘಾತಾಂಕ ಕಳೆದು ಮಕ್ಕಳೇ ಉತ್ತರ ಹೇಳಿದರು: ಸರಾಸರಿ 2⁹⁶. ಇಷ್ಟಿದ್ದರೂ ಬೇಕಾದ ವಿಳಾಸಕ್ಕೆ ಹೊಂದುವ ಒಂದನ್ನು ಹುಡುಕಲು ಸುಮಾರು 2¹⁶⁰ ಸಲ ಪ್ರಯತ್ನಿಸಬೇಕು. ಶೇಷದಲ್ಲಾದರೆ 11 ಕೂಡಿಸುತ್ತ ಹೋದರೆ ಸಾಕು; ಹ್ಯಾಶ್‌ನಲ್ಲಿ ಅಂಥ ಒಳದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ನನ್ನ ಉದಾಹರಣೆ ಸೋಲುವುದು ಇಲ್ಲೇ. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಸರಿ ಅನ್ನಿಸಿತು.

ಹಾಗಾದರೆ ಸಾರ್ವಜನಿಕ ಕೀಲಿ ಹೊರಗೆ ಬರುವುದು ಯಾವಾಗ? ಹಣ ಖರ್ಚು ಮಾಡುವಾಗ. ಮಾಲೀಕರು ಕೀಲಿಯನ್ನೂ ಸಹಿಯನ್ನೂ ಕೊಡುತ್ತಾರೆ. ಉಳಿದ ಕಂಪ್ಯೂಟರ್‌ಗಳು ಆ ಕೀಲಿಗೆ ಮತ್ತೆ ಹ್ಯಾಶ್ ಹಾಕಿ ವಿಳಾಸಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುತ್ತವೆ, ಸಹಿಯನ್ನು ಕೀಲಿಯಿಂದ ಪರೀಕ್ಷಿಸುತ್ತವೆ. ಅಲ್ಲಿಯವರೆಗೆ ವಿಳಾಸ ನೋಡಿದವರಿಗೆ ಕೀಲಿ ಕಾಣುವುದಿಲ್ಲ. (2009ರ ಆರಂಭದ ಎಷ್ಟೋ ವ್ಯವಹಾರಗಳಲ್ಲಿ ಕೀಲಿಯನ್ನೇ ನೇರವಾಗಿ ಬರೆದಿದ್ದರು. ನನ್ನ ಮೊದಲ ದಿನದ ವಾಕ್ಯ ಅವಕ್ಕೆ ಹೆಚ್ಚುಕಡಿಮೆ ಸರಿ ಎಂದು ಸಮಾಧಾನ ಮಾಡಿಕೊಂಡೆ.)

ಬರೆಯುವಾಗ ತಪ್ಪಾದರೆ ಪತ್ತೆಹಚ್ಚಲು ಕೊನೆಗೆ 4 ಬೈಟ್ ಸೇರಿಸುತ್ತಾರೆ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮನೆಗೆಲಸಕ್ಕೆ ಒಂದು ಲೆಕ್ಕ ಕೊಟ್ಟೆ: 10 ಅಂಕಿಗಳು, ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು ಸೇರಿ 62. ವಿಳಾಸ ಬರೆಯಲು ಬಳಸುವುದು 58 ಮಾತ್ರ. ಒಂದಕ್ಕೊಂದು ಹೋಲುತ್ತವೆ ಎಂದು ಬಿಟ್ಟ ಆ ನಾಲ್ಕು ಯಾವುವು? ಮರುದಿನ ಹನ್ನೊಂದು ಮಕ್ಕಳು ಸೊನ್ನೆ ಮತ್ತು ದೊಡ್ಡ 'ಓ' ಬರೆದು ತಂದಿದ್ದರು. ದೊಡ್ಡ 'ಐ', ಸಣ್ಣ 'ಎಲ್' ಎರಡನ್ನೂ ಸೇರಿಸಿ ನಾಲ್ಕನ್ನೂ ಹಿಡಿದವಳು 13 ಬೈಟ್ ಕೇಳಿದ ಹುಡುಗಿ ಒಬ್ಬಳೇ.